ಸಂಕ್ರಾಂತಿಯವರೆಗೆ ಬರೀ ಅಳತೆ: ಹೊಸ ವರ್ಷಕ್ಕೆ ಮೂರೇ ಮೂರು ಗುರಿ ಹಾಕಿಕೊಳ್ಳುವ ಬಗೆ

ಜನವರಿ ಮೊದಲ ವಾರ ಬೆಂಗಳೂರಿನ ಲಾಲ್‌ಬಾಗಿನಲ್ಲಾಗಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಾಗಲಿ ಹೊಸ ಬೂಟುಗಳ ಸಂಖ್ಯೆ ಎದ್ದು ಕಾಣುತ್ತದೆ. ಫೆಬ್ರವರಿಯ ಹೊತ್ತಿಗೆ ಹಳೆಯ ಬೂಟಿನವರಷ್ಟೇ ಉಳಿದಿರುತ್ತಾರೆ. ಇದಕ್ಕೆ ಜನರ ಸೋಮಾರಿತನವೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಡಿಸೆಂಬರ್ 31ರ ರಾತ್ರಿ, ಕೇಕ್ ತಿನ್ನುತ್ತ, ತನ್ನ ಖರ್ಚು ಎಷ್ಟು, ಸಕ್ಕರೆ ಎಷ್ಟು, ಬಿಡುವು ಎಷ್ಟು ಎಂದು ಏನೊಂದೂ ತಿಳಿಯದೆ ಹತ್ತು ನಿರ್ಧಾರ ಮಾಡಿದರೆ ಹೀಗಾಗದೆ ಇನ್ನೇನಾಗುತ್ತದೆ?

ನಮ್ಮ ಹಿರಿಯರ ಲೆಕ್ಕದಲ್ಲಿ ಜನವರಿ 1 ಬರುವುದು ಧನುರ್ಮಾಸದಲ್ಲಿ. ಆಗ ಮದುವೆ, ಗೃಹಪ್ರವೇಶ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಬೆಳಗಿನ ಜಾವ ಎದ್ದು ಪೂಜೆ ಮಾಡಿ ಹುಗ್ಗಿ ತಿಂದು, ಹೊಸ ಕೆಲಸಗಳನ್ನು ಸಂಕ್ರಾಂತಿಯ ಆಚೆಗೆ ತಳ್ಳುತ್ತಾರೆ. ಶಾಸ್ತ್ರದಲ್ಲಿ ನಂಬಿಕೆ ಇರಲಿ ಬಿಡಲಿ, ಈ ಎರಡು ವಾರಗಳ ತಡೆ ನಮಗೆ ಬಹಳ ಅನುಕೂಲದ್ದು. ಜನವರಿ 1ರಿಂದ ಸಂಕ್ರಾಂತಿಯವರೆಗೆ ಯಾವ ಗುರಿಯನ್ನೂ ಹಾಕಿಕೊಳ್ಳಬೇಡಿ. ಅಳೆಯಿರಿ, ಬರೆದಿಡಿ, ಅಷ್ಟೇ. ಎಳ್ಳುಬೆಲ್ಲ ಹಂಚಿ ಬಂದ ಮೇಲೆ ನಿರ್ಧಾರ ಮಾಡಿದರೆ ಸಾಕು.

ಮೊದಲ ಹೆಜ್ಜೆ: ಎರಡು ವಾರ ಅಳತೆ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಮೊಬೈಲ್ ಆ್ಯಪ್ ಬೇಕೆನ್ನುವವರಿಗೆ ಬೇಡ ಎನ್ನುವುದಿಲ್ಲ. ಆದರೆ ಮನೆಯವರೆಲ್ಲ ತೆರೆದು ನೋಡಬಹುದಾದ ಪುಸ್ತಕಕ್ಕೆ ಇರುವ ಬಲ ಒಬ್ಬರ ಫೋನಿನೊಳಗೆ ಇರುವ ಲೆಕ್ಕಕ್ಕೆ ಬರುವುದಿಲ್ಲ.

ಹಣದ ಪುಟಕ್ಕೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಯುಪಿಐ ಬಂದ ಮೇಲೆ ಒಂದು ಉಪಕಾರವಾಗಿದೆ: ತರಕಾರಿ ಗಾಡಿಯ 40 ರೂಪಾಯಿಯೂ ಅಲ್ಲಿ ದಾಖಲಾಗಿರುತ್ತದೆ. ಸಾಲುಗಳನ್ನು ನಾಲ್ಕು ಗುಂಪು ಮಾಡಿ: ಪ್ರತಿ ತಿಂಗಳೂ ತಪ್ಪದವು (ಬಾಡಿಗೆ, ದಿನಸಿ, ಹಾಲು, ವಿದ್ಯುತ್), ಸಾಲದ ಕಂತುಗಳು, ವರ್ಷಕ್ಕೊಮ್ಮೆ ಬರುವವು, ಉಳಿದದ್ದೆಲ್ಲ. ನಾಲ್ಕನೆಯ ಗುಂಪಿನ ಮೊತ್ತ ನೋಡಿ ಬೇಸರ ಪಡಬೇಡಿ, ಯಾರಿಗೂ ಸಮಜಾಯಿಷಿ ಹೇಳಬೇಡಿ. ಈ ಎರಡು ವಾರ ತೀರ್ಪು ಕೊಡುವ ಕಾಲವಲ್ಲ.

ದೇಹದ ಪುಟಕ್ಕೆ ಬೇಕಾದದ್ದು ಐದು ಸಂಖ್ಯೆ. ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ, ಮತ್ತು ಹಿಮೋಗ್ಲೋಬಿನ್. ಮೂವತ್ತು ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಉಚಿತ. ಹೊಸ ವರ್ಷದ ರಿಯಾಯಿತಿ ಎಂದು ಲ್ಯಾಬುಗಳು ಮಾರುವ ಎಂಬತ್ತು ಪರೀಕ್ಷೆಗಳ ಪ್ಯಾಕೇಜಿನಲ್ಲಿ ಆರೋಗ್ಯವಂತರಿಗೆ ಬೇಕಾದವು ಕೆಲವೇ. ಉಳಿದವು ಒಂದಷ್ಟು ಗಾಬರಿಯನ್ನಷ್ಟೇ ಹೆಚ್ಚಿಸುತ್ತವೆ.

ಸೊಂಟದ ಅಳತೆಯನ್ನು ಪ್ಯಾಂಟು ಕಟ್ಟುವ ಜಾಗದಲ್ಲಿ ತೆಗೆದುಕೊಳ್ಳಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗೆರೆ ದಾಟಿದಂತೆ. ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ ನಮ್ಮಲ್ಲಿ ಸಾಮಾನ್ಯ. ತೂಕದ ಯಂತ್ರ ತೋರಿಸದ್ದನ್ನು ಟೇಪು ತೋರಿಸುತ್ತದೆ. ರಕ್ತದೊತ್ತಡ ನೋಡಿಸುವ ಮುಂಚೆ ಅರ್ಧ ಗಂಟೆ ಕಾಫಿ ಕುಡಿಯಬೇಡಿ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ, ಪಾದಗಳು ನೆಲಕ್ಕೆ ತಾಗಿರಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹೋಗಿ ಕೈ ಚಾಚಿದರೆ ಬರುವ ಸಂಖ್ಯೆ ಯಾವುದಕ್ಕೂ ಪ್ರಯೋಜನವಿಲ್ಲ.

ಸಮಯದ ಪುಟ ಸುಲಭ. ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡುತ್ತೀರಿ ಎನ್ನುವುದು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಬರೆದುಕೊಳ್ಳಿ. ಅದರ ಕೆಳಗೆ, ವರ್ಷಗಳಿಂದ ಮುಂದಕ್ಕೆ ಹೋಗುತ್ತಿರುವ ಕೆಲಸಗಳ ಪಟ್ಟಿಯೂ ಇರಲಿ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಹೆಜ್ಜೆ: ವರ್ಷದ ಅಡ್ಡಿಗಳನ್ನು ಮೊದಲೇ ಗುರುತಿಸಿ

ಗುರಿ ಮುರಿಯುವುದು ಸಾಮಾನ್ಯವಾಗಿ ಅನಿರೀಕ್ಷಿತ ಘಟನೆಯಿಂದಲ್ಲ, ಪ್ರತಿ ವರ್ಷ ಬರುವ ಸಂಗತಿಗಳಿಂದಲೇ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ ಎಂದು ಎಲ್ಲರಿಗೂ ಗೊತ್ತು. ಆದರೂ ಮೇ ತಿಂಗಳ ಕೊನೆಗೆ ಬಳೆ ಅಡವಿಡುವ ಮನೆಗಳು ಎಷ್ಟಿಲ್ಲ? ಗೋಡೆಗೆ ಹೊಸ ಕ್ಯಾಲೆಂಡರ್ ತೂಗುಹಾಕುವ ಮೊದಲು ಅದನ್ನು ನೆಲದ ಮೇಲೆ ಹಾಸಿ ಪೆನ್ನು ಹಿಡಿದು ಕುಳಿತುಕೊಳ್ಳಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಅಭ್ಯಾಸ ಅನೇಕ ಮನೆಗಳಲ್ಲಿ ಇದ್ದೇ ಇದೆ. ಅದನ್ನೇ ಸ್ವಲ್ಪ ಹಿಗ್ಗಿಸಬೇಕು.

ಊರಿನ ಜಾತ್ರೆ, ಮಾಘದಿಂದ ವೈಶಾಖದವರೆಗಿನ ಮದುವೆಗಳು, ಮಕ್ಕಳ ಪರೀಕ್ಷೆ, ಶಾಲೆಯ ಶುಲ್ಕ, ಶ್ರಾವಣದಿಂದ ದೀಪಾವಳಿಯವರೆಗೆ ಸಾಲುಗಟ್ಟಿ ಬರುವ ಹಬ್ಬಗಳು, ವಾಹನದ ವಿಮೆ, ಜೀವವಿಮೆಯ ಕಂತು. ಹಣಕ್ಕೆ ಅಡ್ಡಿಯಾಗುವುದನ್ನು ಒಂದು ಬಣ್ಣದಲ್ಲಿ, ನಡಿಗೆ ವ್ಯಾಯಾಮಕ್ಕೆ ಅಡ್ಡಿಯಾಗುವುದನ್ನು ಇನ್ನೊಂದು ಬಣ್ಣದಲ್ಲಿ ಗುರುತು ಮಾಡಿ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ನಡಿಗೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಲಬುರಗಿ, ರಾಯಚೂರಿನವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಏಳರ ನಂತರ ಬಯಲಿಗೆ ಇಳಿಯುವುದೇ ಕಷ್ಟ. ಯಾವುದೋ ತಂಪು ದೇಶದವರಿಗೆ ಬರೆದ ವೇಳಾಪಟ್ಟಿಯನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡರೆ ಮೊದಲ ಮಳೆಗೇ ಅದು ಹರಿದುಹೋಗುತ್ತದೆ.

ಎಲ್ಲ ತಿಂಗಳುಗಳೂ ಅಡ್ಡಿಯವಲ್ಲ. ಆಷಾಢದಲ್ಲಿ ಮದುವೆ ಮುಂಜಿಗಳ ಕರೆಯೋಲೆ ಬರುವುದಿಲ್ಲ. ಬಟ್ಟೆ ಅಂಗಡಿಯ ರಿಯಾಯಿತಿಯ ಆಮಿಷಕ್ಕೆ ಬೀಳದಿದ್ದರೆ ಕೈಯಲ್ಲಿ ನಾಲ್ಕು ಕಾಸು ಉಳಿಯುವ ತಿಂಗಳು ಅದು.

ಮೂರನೆಯ ಹೆಜ್ಜೆ: ಆರಿಸುವುದು

ಸಂಕ್ರಾಂತಿಯ ಮಾರನೆಯ ದಿನ ನೋಟ್‌ಬುಕ್ ತೆರೆಯಿರಿ. ಹಣಕ್ಕೆ ಒಂದು, ಆರೋಗ್ಯಕ್ಕೆ ಒಂದು, ಸ್ವಂತಕ್ಕೆ ಒಂದು. ನಾಲ್ಕನೆಯದು ಬೇಕೇ ಬೇಕು ಅನ್ನಿಸಿದರೆ ಮುಂದಿನ ವರ್ಷದ ಪುಟದಲ್ಲಿ ಬರೆದಿಡಿ.

ಪ್ರತಿ ಗುರಿಗೂ ಎರಡು ಸಾಲು. ಮೊದಲ ಸಾಲು ವರ್ಷದ ಕೊನೆಗೆ ಸಿಗಬೇಕಾದ ಫಲ, ಎರಡನೆಯದು ಅದಕ್ಕಾಗಿ ವಾರದಲ್ಲಿ ಅಥವಾ ತಿಂಗಳಲ್ಲಿ ಮಾಡುವ ಕೆಲಸ. "ಸೊಂಟ 98ರಿಂದ 93ಕ್ಕೆ ಇಳಿಯಬೇಕು" ಎನ್ನುವುದು ಫಲ; ಅದು ಪೂರ್ತಿ ನಮ್ಮ ಕೈಯಲ್ಲಿಲ್ಲ. "ವಾರಕ್ಕೆ ಐದು ದಿನ, ರಾತ್ರಿ ಊಟವಾದ ಮೇಲೆ ಮೂವತ್ತು ನಿಮಿಷ ನಡಿಗೆ" ಎನ್ನುವುದು ಕೆಲಸ. ಅದು ನಮ್ಮ ಕೈಯಲ್ಲಿದೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಬೇಕಾದದ್ದು ಎರಡನೆಯದಕ್ಕೆ. ಫಲವನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ: ಅದನ್ನು ಮನೆಯ ಇನ್ನೊಬ್ಬರಿಗೆ ಓದಲು ಕೊಡಿ. "ಈ ವಾರ ಇದು ಆಯಿತೋ ಇಲ್ಲವೋ?" ಎಂಬ ಪ್ರಶ್ನೆಗೆ ಅವರು ಹೌದು ಅಥವಾ ಇಲ್ಲ ಎಂದು ಹೇಳಲು ಸಾಧ್ಯವಾಗಬೇಕು. "ಆರೋಗ್ಯದ ಕಡೆ ಗಮನ ಕೊಡುವುದು", "ಖರ್ಚು ಕಡಿಮೆ ಮಾಡುವುದು" ಎಂದು ಬರೆದಿದ್ದರೆ ಅವರು ನಗುತ್ತಾರೆ. ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯಿರಿ.

ನಾಲ್ಕನೆಯ ಹೆಜ್ಜೆ: ಹಣದ ಗುರಿ

ಒಂದು ಉದಾಹರಣೆ ಹಿಡಿದೇ ಹೋಗೋಣ. ದಾವಣಗೆರೆಯಂಥ ಊರು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಇಬ್ಬರು ಮಕ್ಕಳು, ಕೈಗೆ ಬರುವುದು ತಿಂಗಳಿಗೆ 45,000 ರೂಪಾಯಿ. ತಿಂಗಳ ಖರ್ಚು 31,000. ಹಾಗಾದರೆ 14,000 ಉಳಿಯಬೇಕಲ್ಲ? ಕಾಗದದ ಮೇಲೆ ಉಳಿಯುತ್ತದೆ, ಖಾತೆಯಲ್ಲಿ ಇರುವುದಿಲ್ಲ. ಅದು ಎಲ್ಲಿ ಹೋಯಿತು ಎಂದರೆ, ವರ್ಷಕ್ಕೊಮ್ಮೆ ಬರುವ ಖರ್ಚುಗಳಿಗೆ. ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ ಸೇರಿ 48,000. ಹಬ್ಬ ಮತ್ತು ಬಟ್ಟೆಗೆ 20,000. ಜೀವವಿಮೆಗೆ 12,000. ಊರಿನ ಜಾತ್ರೆಗೂ ಮದುವೆ ಮುಯ್ಯಿಗೂ 6,000. ಸ್ಕೂಟರಿನ ವಿಮೆ, ಸರ್ವೀಸ್ 4,000. ಒಟ್ಟು 90,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,500. ನಿಜವಾಗಿ ಕೈಯಲ್ಲಿ ಉಳಿಯುವುದು 6,500 ಮಾತ್ರ. ಈ ಒಂದು ಭಾಗಾಕಾರ ಮಾಡದೆ ಹಾಕಿಕೊಂಡ ಉಳಿತಾಯದ ಗುರಿಯೆಲ್ಲ ಜೂನ್‌ನಲ್ಲಿ ಕರಗುತ್ತದೆ.

ಆದ್ದರಿಂದ ಹಣದ ವಿಷಯದಲ್ಲಿ ಮೊದಲ ಕೆಲಸ, ಈ 7,500ಕ್ಕೆ ಬೇರೆ ಉಳಿತಾಯ ಖಾತೆ. ಅದಕ್ಕೆ ಯುಪಿಐ ಜೋಡಿಸಬೇಡಿ, ಅದರ ಡೆಬಿಟ್ ಕಾರ್ಡು ಪರ್ಸಿನಲ್ಲಿ ಇರದಿರಲಿ. ಸಂಬಳ ಬಂದ ಮಾರನೆಯ ದಿನವೇ ಹಣ ತಾನಾಗಿ ಅಲ್ಲಿಗೆ ಹೋಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಡಬಹುದು. ಜನವರಿಯಿಂದ ಮೇವರೆಗೆ ಐದು ತಿಂಗಳಿಗೆ 37,500 ಆಗುತ್ತದೆ, 48,000ಕ್ಕೆ ಸಾಲದು. ಮೊದಲ ವರ್ಷ ಈ ಕೊರತೆ ಇದ್ದದ್ದೇ. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಬಹುದೇ ಎಂದು ಶಾಲೆಯವರನ್ನು ಏಪ್ರಿಲ್‌ನಲ್ಲೇ ಕೇಳಿಕೊಳ್ಳಿ. ಜೂನ್ ಮೊದಲ ವಾರದ ನೂಕುನುಗ್ಗಲಿನಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಇನ್ನು ಉಳಿದ 6,500. ಇದನ್ನು ಎಲ್ಲಿ ಹೂಡಬೇಕು ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಎಲ್ಲಿಗೆ ಬಡ್ಡಿ ಹೋಗುತ್ತಿದೆ? ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ರಿಂದ 3.5ರವರೆಗೆ ಬಡ್ಡಿ ಸಾಮಾನ್ಯ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ ನಲವತ್ತು ದಾಟುತ್ತದೆ. 40,000 ರೂಪಾಯಿ ಬಾಕಿ ಇದ್ದರೆ ತಿಂಗಳಿಗೆ 1,400 ರೂಪಾಯಿ ಬಡ್ಡಿಗೇ ಹೋಗುತ್ತದೆ. ಬಿಲ್ಲಿನಲ್ಲಿ ಅಚ್ಚಾಗಿರುವ "ಕನಿಷ್ಠ ಪಾವತಿ"ಯನ್ನಷ್ಟೇ ಕಟ್ಟುವವರು ಸಾಲ ತೀರಿಸುತ್ತಿಲ್ಲ, ಸಾಲವನ್ನು ಸಾಕುತ್ತಿದ್ದಾರೆ. ಕಾರ್ಡನ್ನು ಮತ್ತೆ ಬಳಸದೆ ತಿಂಗಳಿಗೆ 6,500 ಪೂರ್ತಿ ಅದಕ್ಕೇ ಕಟ್ಟಿದರೆ ಸುಮಾರು ಎಂಟು ತಿಂಗಳಲ್ಲಿ ಬಾಕಿ ತೀರುತ್ತದೆ; 3,500ರಂತೆ ಕಟ್ಟಿದರೆ ವರ್ಷ ದಾಟಿ ಎಳೆಯುತ್ತದೆ. ಶೇಕಡಾ ಏಳು ಬಡ್ಡಿ ಕೊಡುವ ಠೇವಣಿಯನ್ನು ಒಂದು ಕೈಯಲ್ಲಿ ಕಟ್ಟುತ್ತ ಇನ್ನೊಂದು ಕೈಯಲ್ಲಿ ಶೇಕಡಾ ನಲವತ್ತು ತೆರುವುದಕ್ಕೆ ಉಳಿತಾಯ ಎಂದು ಹೆಸರಿಡಲಾಗದು. ಕೈಸಾಲ, ಮೊಬೈಲ್ ಆ್ಯಪ್‌ಗಳ ಸಾಲವಿದ್ದರೂ ಇದೇ ಮಾತು: ಬಡ್ಡಿ ಹೆಚ್ಚಿರುವುದು ಮೊದಲು.

ಈ ಕುಟುಂಬದ ಗುರಿ ಹೀಗೆ ಬರೆಯಬಹುದು: "ಆಗಸ್ಟ್ ಕೊನೆಗೆ ಕಾರ್ಡಿನ ಬಾಕಿ ಸೊನ್ನೆ, ಡಿಸೆಂಬರ್ ಕೊನೆಗೆ ಆಪತ್ತಿನ ನಿಧಿಯಲ್ಲಿ 26,000." ಮೂರು ತಿಂಗಳ ಖರ್ಚಿನಷ್ಟು, ಅಂದರೆ 93,000 ರೂಪಾಯಿ ಆಪತ್ತಿಗೆ ಇಡಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸರಿಯೇ. ಆದರೆ ಅದು ಒಂದೇ ವರ್ಷದಲ್ಲಿ ಆಗುವ ಮಾತಲ್ಲ. ಮೊದಲ ವರ್ಷ ಹತ್ತಿರ ಹತ್ತಿರ ಒಂದು ತಿಂಗಳ ಖರ್ಚು ಕೂಡಿಟ್ಟರೆ ಅದೇ ದೊಡ್ಡದು.

ವಿಮೆ ಈ ಲೆಕ್ಕದ ಹೊರಗಿನ ಮಾತಲ್ಲ. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವವಿಮೆ ಕೊಡುವ ಪ್ರಧಾನಮಂತ್ರಿ ಜೀವನ ಜ್ಯೋತಿ, 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಕೊಡುವ ಸುರಕ್ಷಾ ಬಿಮಾ, ಇವೆರಡೂ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತವೆ. ಮೊದಲನೆಯದಕ್ಕೆ 50, ಎರಡನೆಯದಕ್ಕೆ 70 ವರ್ಷದೊಳಗಿನವರು ಸೇರಬಹುದು. ಕಡಿತ ಮೇ ಕೊನೆಯ ಹೊತ್ತಿಗೆ. ಆಗ ಖಾತೆಯಲ್ಲಿ ಹಣವಿಲ್ಲದೆ ವಿಮೆ ತಪ್ಪಿಹೋದದ್ದು ಆಪತ್ತು ಬಂದಾಗಲೇ ಗೊತ್ತಾಗುವುದು. ಆದ್ದರಿಂದ ಮೇ 20ರ ಮೇಲೆ ಒಂದು ಗುರುತು ಹಾಕಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡು ಮಾಡಿಸಿಕೊಳ್ಳುವುದಕ್ಕೆ ಆಸ್ಪತ್ರೆಗೆ ಸೇರುವ ದಿನದವರೆಗೆ ಕಾಯಬೇಡಿ. ಸ್ವಂತ ಆರೋಗ್ಯ ವಿಮೆ ಕೊಳ್ಳುವವರು ಇರುವ ಸಕ್ಕರೆ, ರಕ್ತದೊತ್ತಡವನ್ನು ಮುಚ್ಚಿಡದೆ ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಮುಚ್ಚಿಟ್ಟರೆ ಕ್ಲೇಮು ತಿರಸ್ಕರಿಸಲು ಕಂಪನಿಗೆ ನೀವೇ ಕಾರಣ ಕೊಟ್ಟಂತೆ.

ಜನವರಿಯಿಂದ ಮಾರ್ಚ್‌ವರೆಗೆ ಪರಿಚಯದ ಏಜೆಂಟರು "ತೆರಿಗೆ ಉಳಿಸಿ" ಎಂದು ಬಾಗಿಲು ತಟ್ಟುತ್ತಾರೆ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ವಿಮೆಯ ಕಂತಿಗೆ, ಸಾರ್ವಜನಿಕ ಭವಿಷ್ಯ ನಿಧಿಯಾದ ಪಿಪಿಎಫ್‌ಗೆ ಕಟ್ಟಿದ ಹಣಕ್ಕೆ ಹಳೆಯ ಒಂದೂವರೆ ಲಕ್ಷದ ವಿನಾಯಿತಿ ಇಲ್ಲವೇ ಇಲ್ಲ. 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದಾರರಿಗಾದರೆ 12.75 ಲಕ್ಷದವರೆಗೆ, ತೆರಿಗೆ ಬರುವುದಿಲ್ಲ. ತೆರಿಗೆಯೇ ಇಲ್ಲದವರು ತೆರಿಗೆ ಉಳಿಸಲು ಇಪ್ಪತ್ತು ವರ್ಷದ ಪಾಲಿಸಿ ಕೊಳ್ಳುವುದೇಕೆ? ಸಂಬಂಧಿಕರೇ ಏಜೆಂಟರಾಗಿದ್ದರೆ ಇಲ್ಲ ಎನ್ನುವುದು ಕಷ್ಟ, ನಿಜ. "ಸಂಕ್ರಾಂತಿಯವರೆಗೆ ಏನೂ ತೀರ್ಮಾನ ಮಾಡುವುದಿಲ್ಲ" ಎಂಬ ಮಾತು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಸಾಲವಿಲ್ಲದವರು, ಆಪತ್ತಿನ ನಿಧಿ ತುಂಬಿದವರು ಮುಂದೆ ಹೋಗಬಹುದು. ಪಿಪಿಎಫ್ ಹದಿನೈದು ವರ್ಷದ್ದು, ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಅದರಲ್ಲಿ ಬಡ್ಡಿ ಲೆಕ್ಕ ಹಾಕುವುದು ತಿಂಗಳ 5ನೇ ತಾರೀಖಿನ ನಂತರದ ಕನಿಷ್ಠ ಶಿಲ್ಕಿಗೆ. 6ರಂದು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಬರುವುದಿಲ್ಲ. ವರ್ಷಕ್ಕೊಮ್ಮೆ ಕಟ್ಟುವವರು ಮಾರ್ಚ್ ಕೊನೆಗೆ ಓಡುವ ಬದಲು ಏಪ್ರಿಲ್ 5ರೊಳಗೆ ಕಟ್ಟಿದರೆ ಅಷ್ಟೇ ಹಣಕ್ಕೆ ವರ್ಷಪೂರ್ತಿ ಬಡ್ಡಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಇದೆ. ಕಟ್ಟುವುದು ಹದಿನೈದು ವರ್ಷ, ಕೈಗೆ ಬರುವುದು ಖಾತೆ ತೆರೆದ ಇಪ್ಪತ್ತೊಂದನೆಯ ವರ್ಷಕ್ಕೆ.

ಠೇವಣಿ ಇಡುವಾಗ ಒಂದು ವ್ಯತ್ಯಾಸ ತಿಳಿದಿರಬೇಕು. ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ. ಸಂಘಕ್ಕೆ ಅದಿಲ್ಲ. ಬಡಾವಣೆಯಲ್ಲಿ ಎರಡಕ್ಕೂ ಒಂದೇ ಬಗೆಯ ಬೋರ್ಡು, ಒಂದೇ ಬಗೆಯ ಕೌಂಟರ್ ಇರುತ್ತದೆ. ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿ ಎಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ಸಂಘದಲ್ಲಿ ಇಟ್ಟವರ ಪಾಡು ಕರ್ನಾಟಕದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಚೀಟಿಯೂ ಹಾಗೆಯೇ. ಚೀಟಿ ಕಟ್ಟುವುದೇ ಕೆಟ್ಟದ್ದಲ್ಲ, 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗಳಿವೆ, ರಾಜ್ಯ ಸರ್ಕಾರದ ಎಂಎಸ್ಐಎಲ್ ಕೂಡ ನಡೆಸುತ್ತದೆ. ಬೀದಿಯವರೆಲ್ಲ ಸೇರಿ ನಂಬಿಕೆಯ ಮೇಲೆ ಕಟ್ಟುವ ಚೀಟಿಯಲ್ಲಿ ಕಳೆದುಕೊಂಡರೆ ಬೇಸರವಾಗದಷ್ಟು ಹಣವನ್ನು ಮಾತ್ರ ಹಾಕಿ.

ಖರ್ಚಿಲ್ಲದ ಎರಡು ಕೆಲಸ ಇವೆ, ಒಂದು ಭಾನುವಾರಕ್ಕೆ ಮುಗಿಯುವಂಥವು. ನಮ್ಮ ಸಾಲಗಳ ದಾಖಲೆ ಇಡುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗುತ್ತದೆ. ನಿಮ್ಮದಲ್ಲದ ಸಾಲ ನಿಮ್ಮ ಹೆಸರಿನಲ್ಲಿ ಇದೆಯೇ ಎಂದು ನೋಡಿ. ಇನ್ನೊಂದು, ಎಲ್ಲ ಖಾತೆಗಳಿಗೂ ನಾಮಿನಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಲು ಅವಕಾಶವಿದೆ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ತೀರಿಹೋದ ತಂದೆಯ ಹೆಸರೇ ನಾಮಿನಿಯಾಗಿ ಉಳಿದಿರುತ್ತದೆ.

ಐದನೆಯ ಹೆಜ್ಜೆ: ಆರೋಗ್ಯದ ಗುರಿ

ಎರಡು ವಾರದಲ್ಲಿ ಬರೆದಿಟ್ಟ ಐದು ಸಂಖ್ಯೆಗಳಲ್ಲಿ ಯಾವುದು ಕೆಟ್ಟಿದೆಯೋ ಅದೇ ಈ ವರ್ಷದ ಗುರಿ. ಎಲ್ಲವೂ ಸರಿಯಾಗಿದ್ದರೆ ಸಂತೋಷ. ವಾರಕ್ಕೆ 150 ನಿಮಿಷದ ಚುರುಕಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಪಾಲಿಸಿ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗ ಇರಬೇಕು. ನಾಯಿಯನ್ನು ಹಿಡಿದು ಕಂಬಕಂಬಕ್ಕೂ ನಿಲ್ಲುವುದು ಲೆಕ್ಕಕ್ಕಿಲ್ಲ.

ಎಚ್‌ಬಿಎ1ಸಿ 5.7ಕ್ಕಿಂತ ಕೆಳಗಿದ್ದರೆ ಸರಿ. 6.5 ಮುಟ್ಟಿದರೆ ಮಧುಮೇಹ ಎಂದೇ ಲೆಕ್ಕ, ವೈದ್ಯರ ಬಳಿ ಹೋಗಲೇಬೇಕು. ನಡುವಿನ 5.7ರಿಂದ 6.4ರವರೆಗಿನ ಜಾಗದಲ್ಲಿ ಇರುವವರಿಗೇ ಹೊಸ ವರ್ಷದ ಗುರಿ ಹೆಚ್ಚು ಕೆಲಸಕ್ಕೆ ಬರುವುದು, ಏಕೆಂದರೆ ಇಲ್ಲಿಂದ ಹಿಂದಕ್ಕೆ ಬರಲು ಸಾಧ್ಯವಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಈ ನಡುವಿನ ಜಾಗದಲ್ಲಿರುವವರು ಅದಕ್ಕೂ ಹೆಚ್ಚು, 13.6 ಕೋಟಿ. ಅವರಿಗೆ ನೋವಿಲ್ಲ, ಸುಸ್ತಿಲ್ಲ. ಆದ್ದರಿಂದಲೇ ಅಳತೆ ಬೇಕು.

ಇವರು ಮಾಡಬೇಕಾದದ್ದು ಊಟ ಬಿಡುವುದನ್ನಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು, ತಟ್ಟೆಯ ಅರ್ಧ ಭಾಗಕ್ಕೆ ಪಲ್ಯ, ಕೋಸಂಬರಿ, ಸೊಪ್ಪು ಬರುವಂತೆ ನೋಡಿಕೊಳ್ಳುವುದು, ಬೇಳೆ ಕಾಳನ್ನು ಹೆಚ್ಚಿಸುವುದು. ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಹಳೇ ಮೈಸೂರಿನ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಧಾರಾಳವಾಗಿದೆ, ಒಳ್ಳೆಯ ಧಾನ್ಯ. ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಹೊಲದಲ್ಲಿ ದುಡಿಯುವವರ ಗಾತ್ರದ ಎರಡು ಮುದ್ದೆಯನ್ನು ಕಂಪ್ಯೂಟರ್ ಮುಂದೆ ಕೂರುವವರು ತಿಂದರೆ ರಾಗಿಯ ತಪ್ಪೇನಿದೆ?

ಕಾಫಿಯ ಲೆಕ್ಕವನ್ನೂ ಹಾಕಿ. ದಿನಕ್ಕೆ ನಾಲ್ಕು ಲೋಟ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎನ್ನುವ ಸಲಹೆ ಕಾಫಿಯಲ್ಲೇ ಮುರಿದುಬಿತ್ತು. ಕಾಫಿ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ಎರಡು ಲೋಟಕ್ಕೆ ಇಳಿಸಿ, ಚಮಚವನ್ನು ಒಂದಕ್ಕೆ ತನ್ನಿ. ಮೂರನೆಯ ವಾರದ ಹೊತ್ತಿಗೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ರಕ್ತದೊತ್ತಡ 140/90ರ ಆಸುಪಾಸಿನಲ್ಲಿದ್ದರೆ ಗುರಿ ಉಪ್ಪಿನ ಮೇಲಿರಲಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚ, ಅದಕ್ಕಿಂತ ಕಡಿಮೆ ಇರಬೇಕು. ಪ್ರತಿ ಅಡುಗೆಗೂ ತೂಕ ಹಾಕುತ್ತ ಕೂರುವುದು ಆಗುವ ಮಾತಲ್ಲ. ಅದರ ಬದಲು ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು ಐವತ್ತು ದಿನಕ್ಕಿಂತ ಹೆಚ್ಚು ಬರಬೇಕು. ಮೂವತ್ತು ದಿನಕ್ಕೆ ಖಾಲಿಯಾದರೆ ಎಲ್ಲಿ ಹೆಚ್ಚಾಗುತ್ತಿದೆ ಎಂದು ಅಡುಗೆ ಮಾಡುವವರಿಗೇ ಹೊಳೆಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ, ಹೋಟೆಲಿನ ಸಾಂಬಾರು ಇವೆಲ್ಲ ಈ ಪೊಟ್ಟಣದ ಲೆಕ್ಕದಾಚೆ ಇವೆ ಎನ್ನುವುದೂ ನೆನಪಿರಲಿ. ಅಡುಗೆ ಎಣ್ಣೆಗೂ ಇದೇ ಉಪಾಯ ಮಾಡಬಹುದು: ಡಬ್ಬಿಗೆ ತುಂಬಿದ ದಿನ ಬರೆಯಿರಿ, ಫೆಬ್ರವರಿಯದನ್ನು ಜನವರಿಯದರ ಜೊತೆ ಹೋಲಿಸಿ.

ಹೆಂಗಸರ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಬೇರೆ ಎಲ್ಲ ಗುರಿಗಳನ್ನೂ ಬದಿಗಿಟ್ಟು ಅದನ್ನೇ ಹಿಡಿಯಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಕಂಡುಬಂತು. ರಕ್ತವೇ ಕಡಿಮೆ ಇರುವವರು ಬೆಳಗ್ಗೆ ಐದಕ್ಕೆದ್ದು ನಡೆಯುವ ಗುರಿ ಹಾಕಿಕೊಂಡು, ಆಗಲಿಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುವುದು ಅನ್ಯಾಯ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಊಟ ತಿಂಡಿಯ ಜೊತೆಗೇ ಕುಡಿಯುವ ಕಾಫಿ, ಟೀ ಆಹಾರದ ಕಬ್ಬಿಣ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಒಂದು ಗಂಟೆಯ ಅಂತರ ಕೊಡಿ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪವಾಸ, ಓಟ, ಜಿಮ್ ಯಾವುದನ್ನೂ ಶುರು ಮಾಡಬಾರದು. ಗುರಿ ತಲುಪಿದೆ ಎಂದು ತಾವೇ ಮಾತ್ರೆ ನಿಲ್ಲಿಸುವುದಂತೂ ಕೂಡದು.

ಆರನೆಯ ಹೆಜ್ಜೆ: ಸ್ವಂತದ ಗುರಿ

ಇಲ್ಲಿ ಜನ ದೊಡ್ಡ ದೊಡ್ಡ ಮಾತು ಬರೆಯುತ್ತಾರೆ: ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು, ಕೋಪ ಬಿಡುವುದು. ನನ್ನ ಸಲಹೆ ಚಿಕ್ಕದು. ಸಮಯದ ಪುಟದ ಕೆಳಗೆ ಬರೆದ ಬಾಕಿ ಕೆಲಸಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಬಹಳ ದಿನ ಮನಸ್ಸನ್ನು ಕೊರೆಯುತ್ತಿದ್ದ ಒಂದು ಕೆಲಸ ಮುಗಿದರೆ ಬರುವ ಹಗುರ ಯಾವ ಆತ್ಮವಿಶ್ವಾಸದ ಶಿಬಿರದಲ್ಲೂ ಸಿಗುವುದಿಲ್ಲ.

ಹಳ್ಳಿಯಲ್ಲಿ ಜಮೀನಿರುವ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಇರುತ್ತದೆ. ಬೆಳೆ ಸಾಲ, ಪರಿಹಾರ, ಮಾರಾಟ ಏನು ಬಂದರೂ ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆಯನ್ನು, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ಈ ವರ್ಷದ ಗುರಿ ಮಾಡಿಕೊಂಡರೆ ಅದನ್ನು ತಿಂಗಳುಗಳಿಗೆ ಹಂಚಬಹುದು: ಫೆಬ್ರವರಿಯಲ್ಲಿ ಮರಣ ಪ್ರಮಾಣಪತ್ರ, ಮಾರ್ಚ್‌ನಲ್ಲಿ ನಾಡಕಚೇರಿಯಿಂದ ವಂಶವೃಕ್ಷ, ಯುಗಾದಿಗೆ ಎಲ್ಲರೂ ಊರಿನಲ್ಲಿ ಸೇರಿದಾಗ ಅಣ್ಣತಮ್ಮಂದಿರು, ಅಕ್ಕತಂಗಿಯರ ಜೊತೆ ಮಾತುಕತೆ, ಏಪ್ರಿಲ್‌ನಲ್ಲಿ ಅರ್ಜಿ. ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಬರೆಸಿದರೆ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಈ ಮಾತುಕತೆಯೇ ಇಡೀ ಕೆಲಸದಲ್ಲಿ ಕಠಿಣವಾದದ್ದು. ಕಾಗದಗಳು ಹೇಗೋ ಆಗುತ್ತವೆ.

ಕಲಿಕೆಯ ಗುರಿ ಬೇಕೆನ್ನುವವರು, ತಾನಾಗಿ ಕೊನೆಯ ದಿನಾಂಕ ಇರುವುದನ್ನು ಆರಿಸಿಕೊಳ್ಳಿ. ಮನೆಯಲ್ಲಿ ಕಾರಿದ್ದರೂ ಓಡಿಸಲು ಬಾರದ ಗೃಹಿಣಿಯೊಬ್ಬರು ಕಲಿಕಾ ಪರವಾನಗಿ ಮಾಡಿಸಿದರೆ ಅದು ಆರು ತಿಂಗಳಿಗೆ ಮುಗಿಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಗೆ ವೇಳಾಪಟ್ಟಿಯನ್ನು ಸರ್ಕಾರವೇ ಹಾಕಿಕೊಟ್ಟಂತಾಯಿತು. ಓದಿನ ಗುರಿ ಇದ್ದರೆ ತಿಂಗಳಿಗೊಂದು ಪುಸ್ತಕ ಎನ್ನುವುದಕ್ಕಿಂತ, ರಾತ್ರಿ ಮಲಗುವ ಕೋಣೆಯಲ್ಲಿ ಫೋನ್ ಇಡುವುದಿಲ್ಲ ಎಂಬ ಕಟ್ಟು ಹೆಚ್ಚು ಫಲ ಕೊಡುತ್ತದೆ. ಅಲಾರಂಗೆ ಇನ್ನೂರೈವತ್ತು ರೂಪಾಯಿಯ ಗಡಿಯಾರ ಸಾಕು.

ಏಳನೆಯ ಹೆಜ್ಜೆ: ತಪ್ಪಿದಾಗ ಏನು ಮಾಡಬೇಕು ಎಂದು ಈಗಲೇ ಬರೆಯಿರಿ

ತಪ್ಪುವುದು ಖಚಿತ. ಅಕ್ಕನ ಮಗಳ ಮದುವೆಗೆ ನಾಲ್ಕು ದಿನ ಹೋದರೆ ನಡಿಗೆ ನಿಲ್ಲುತ್ತದೆ, ಹೋಳಿಗೆ ಬರುತ್ತದೆ. ಆಗ "ಇಷ್ಟಾದ ಮೇಲೆ ಇನ್ನೇನು" ಎಂಬ ಮಾತು ಮನಸ್ಸಿಗೆ ಬರುತ್ತದಲ್ಲ, ಗುರಿ ಸಾಯುವುದು ಅಲ್ಲಿ. ಅದಕ್ಕೆ ಮುಂಚೆಯೇ ಒಂದು ನಿಯಮ ಬರೆದಿಟ್ಟುಕೊಳ್ಳಿ: ಊರಿಂದ ಬಂದ ಮಾರನೆಯ ದಿನ ಹತ್ತೇ ನಿಮಿಷವಾದರೂ ನಡೆಯುತ್ತೇನೆ, ಒಂದು ತಿಂಗಳು ಹಣ ಕಟ್ಟಲಾಗದಿದ್ದರೆ ಮುಂದಿನ ತಿಂಗಳು ಎರಡರಷ್ಟು ಕಟ್ಟಲು ಹೋಗುವುದಿಲ್ಲ, ಎಂದಿನಷ್ಟೇ ಕಟ್ಟುತ್ತೇನೆ. ತಪ್ಪಿದ್ದನ್ನು ಒಂದೇ ಸಲಕ್ಕೆ ಸರಿದೂಗಿಸುವ ಹಟವೇ ಮತ್ತೆ ತಪ್ಪಿಸುತ್ತದೆ.

ವರ್ಷಕ್ಕೆ ಮೂರು ಸಲ ನೋಟ್‌ಬುಕ್ ತೆರೆಯಿರಿ. ಮೊದಲನೆಯದು ಯುಗಾದಿ ಮತ್ತು ಏಪ್ರಿಲ್ 1ರ ನಡುವೆ ಎಲ್ಲಾದರೂ. ಹಣದ ಹೊಸ ವರ್ಷ ಶುರುವಾಗುವುದೂ ಆಗಲೇ. ಮೂರು ತಿಂಗಳಾಗಿರುವುದರಿಂದ ಎಚ್‌ಬಿಎ1ಸಿ ಮತ್ತೆ ಮಾಡಿಸಬೇಕಾದವರಿಗೂ ಅದೇ ಸರಿಯಾದ ಹೊತ್ತು. ಅದಕ್ಕಿಂತ ಮೊದಲು ಮಾಡಿಸಿದರೆ ಸಂಖ್ಯೆ ಪೂರ್ತಿ ಬದಲಾಗಿರುವುದಿಲ್ಲ. ಎರಡನೆಯದು ಆಷಾಢದಲ್ಲಿ. ಅಷ್ಟು ಹೊತ್ತಿಗೆ ಮೂರರಲ್ಲಿ ಒಂದು ಗುರಿ ಎಲ್ಲಿಯೂ ಹೋಗಿಲ್ಲ ಎಂದು ಕಂಡರೆ ಅದನ್ನು ಕೈಬಿಡಿ. ಹೌದು, ಕೈಬಿಡಿ. ಮುಖ ಉಳಿಸಿಕೊಳ್ಳಲು ಎಳೆಯುತ್ತಿರುವ ಗುರಿ ಉಳಿದೆರಡರ ಶಕ್ತಿಯನ್ನೂ ತಿನ್ನುತ್ತದೆ.

ಮೂರನೆಯದು ದೀಪಾವಳಿ, ಅಂಗಡಿಯವರು ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ದಿನಗಳು. ಆಗ ಹಣದ ಪುಟವನ್ನೊಂದು ನೋಡಿದರೆ ಸಾಕು. ಹಬ್ಬದ ಖರ್ಚು 20,000 ಎಂದು ಬರೆದದ್ದು 27,000 ಆಗಿದ್ದರೆ ಮುಂದಿನ ವರ್ಷದ ಭಾಗಾಕಾರವನ್ನು ಹೊಸ ಸಂಖ್ಯೆಯಿಂದ ಮಾಡಬೇಕು. ಕೆಲವು ಖಾಸಗಿ ಶಾಲೆಗಳು ಮುಂದಿನ ವರ್ಷದ ದಾಖಲಾತಿಯ ಮಾತನ್ನು ಡಿಸೆಂಬರ್‌ಗಿಂತ ಮೊದಲೇ ಎತ್ತುತ್ತವೆ. ಶುಲ್ಕ ಎಷ್ಟು ಏರುತ್ತದೆ ಎಂದು ಅದೇ ವಾರ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಜನವರಿಯ ಕಂತು ಎಷ್ಟು ಎನ್ನುವುದು ಅದರ ಮೇಲೆ ನಿಂತಿದೆ.